ಗಾಡಿಗೆ ಜ್ವರ ಬರುವುದು ಯಾವಾಗ?

ಪುಣೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ತಂದೆ 1978ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಇನ್ನೂ ಮನೆಯಲ್ಲಿದೆ. ಈ ದೀಪಾವಳಿಗೆ ಅದೇ ಗಾಡಿಯಲ್ಲಿ ಹುಬ್ಬಳ್ಳಿಗೆ ಹೋಗಬೇಕೆಂದು ಎಂಬತ್ತು ದಾಟಿದ ತಾಯಿಯ ಆಸೆ. ಊರೊಳಗೆ ಗಾಡಿ ಚೆನ್ನಾಗಿಯೇ ಓಡುತ್ತದಂತೆ. ಸಾತಾರಾ ದಾರಿಯಲ್ಲಿ ಖಂಬಾಟ್ಕಿ ಘಾಟ್ ಅರ್ಧ ಏರುವಷ್ಟರಲ್ಲಿ ಮಾತ್ರ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗಿ, ಬಾನೆಟ್ ಸಂದಿಯಿಂದ ಹಬೆ ಬರುತ್ತದೆ. ಒಬ್ಬ ಮೆಕ್ಯಾನಿಕ್ ರೇಡಿಯೇಟರ್ ಬದಲಿಸಿ ಅಂದ. ಇನ್ನೊಬ್ಬ ಎಂಜಿನ್ ಇಳಿಸಬೇಕು ಅಂದ. ಮೂರನೆಯವನು ಗುಜರಿಗೆ ಕೊಟ್ಟುಬಿಡಿ ಅಂದ. "ಯಾರ ಮಾತು ಕೇಳಲಿ?" ಎಂದು ಕೇಳಿದ್ದಾರೆ.

ಸದ್ಯಕ್ಕೆ ಯಾರದೂ ಬೇಡ. ಯಾಕೆಂದರೆ ಮೂವರೂ ಔಷಧ ಹೇಳಿದ್ದಾರೆ, ರೋಗ ಯಾವುದೆಂದು ಯಾರೂ ಹುಡುಕಿಲ್ಲ. ಈ ತಪ್ಪು ನನಗೆ ಹೊಸದಲ್ಲ. ನಾನೂ ಮಾಡಿದ್ದೇನೆ, ದುಡ್ಡು ಕೊಟ್ಟು ಕಲಿತಿದ್ದೇನೆ.

ನನ್ನ ಅಪ್ಪನ ಪದ್ಮಿನಿ ಮೂರು ವರ್ಷ ಸೊಸೈಟಿಯ ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಅದನ್ನು ಮತ್ತೆ ರಸ್ತೆಗೆ ತಂದ ಮೊದಲ ತಿಂಗಳಲ್ಲೇ ಖಂಡಾಲಾ ಘಾಟಿನಲ್ಲಿ ಕುದಿಯಿತು. ರೇಡಿಯೇಟರಿಗೆ ಹೊಸ ಕೋರ್ ಹಾಕಿಸಿದೆ. ಮತ್ತೆ ಕುದಿಯಿತು. ಮುಂದೆ ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದೆ. ಆಗಲೂ ಕುದಿಯಿತು. ಒಂದು ತಿಂಗಳ ಸಂಬಳ ಕರಗಿದ ಮೇಲೆ ಯಾರೋ ಕುರ್ಲಾದ ಹಳೇ ಮೇಸ್ತ್ರಿಯೊಬ್ಬರ ವಿಳಾಸ ಕೊಟ್ಟರು. ಗೋಕಾಕ ಕಡೆಯವರು. ಬಾನೆಟ್ ಎತ್ತಲೇ ಇಲ್ಲ. "ಸರ, ಗಾಡಿ ಬಿಸಿ ಆಗತೈತಿ ಅನ್ನೋದು ಬಿಡ್ರಿ. ಯಾವಾಗ ಆಗತೈತಿ, ಅದನ್ನ ಮೊದಲ ಹೇಳ್ರಿ" ಅಂದರು. ಏರಿನಲ್ಲಿ ಮಾತ್ರ ಅಂದೆ. ಜಾಕ್ ಹಾಕಿ ಒಂದೊಂದೇ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರು. ಮುಂದಿನ ಎಡಚಕ್ರ ತಿರುಗಲೊಲ್ಲದು. ನಿಂತೂ ನಿಂತೂ ಅದರ ಬ್ರೇಕಿನ ವ್ಹೀಲ್ ಸಿಲಿಂಡರ್ ಕಚ್ಚಿಕೊಂಡಿತ್ತು. ಬ್ರೇಕ್ ಹಿಡಿದ ಗಾಡಿಯನ್ನು ನಾನು ಘಾಟ್ ಹತ್ತಿಸುತ್ತಿದ್ದೆ. ಜೊತೆಗೆ ಡಿಸ್ಟ್ರಿಬ್ಯೂಟರಿನ ಪಾಯಿಂಟ್ಸ್ ಸವೆದು ಟೈಮಿಂಗ್ ಹಿಂದೆ ಬಿದ್ದಿತ್ತು. ಕಾಯಿಲೆ ಇದ್ದದ್ದು ಕಾಲಿನಲ್ಲಿ, ನಾನು ಔಷಧ ಹಚ್ಚುತ್ತಿದ್ದದ್ದು ಎದೆಗೆ.

ಅಂದಿನಿಂದ ಹಳೇ ಗಾಡಿಯವರು ಯಾರೇ ಕೇಳಲಿ, ನಾನು ಕೇಳುವ ಮರುಪ್ರಶ್ನೆ ಒಂದೇ: ಯಾವಾಗ?

ಸಿಗ್ನಲ್ಲಿನಲ್ಲಿ ನಿಂತಾಗ, ಟ್ರಾಫಿಕ್ಕಿನಲ್ಲಿ ತೆವಳುವಾಗ ಕಾದು, ಗಾಡಿ ಓಡತೊಡಗಿದ ಕೂಡಲೇ ಮುಳ್ಳು ಇಳಿದರೆ ಅದು ಗಾಳಿಯ ತೊಂದರೆ. ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು. ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ಬಗ್ಗಬೇಕು, ಅದಕ್ಕಿಂತ ತೀರಾ ಜಾಸ್ತಿ ಬಗ್ಗಬಾರದು. ಫ್ಯಾನನ್ನು ಯಾರಾದರೂ ಹಿಂದುಮುಂದಾಗಿ ಜೋಡಿಸಿದ್ದರೂ ಹೀಗೇ ಆಗುತ್ತದೆ. ರೇಡಿಯೇಟರಿನ ರೆಕ್ಕೆಗಳ ನಡುವೆ ಮಣ್ಣು, ಹುಳು ತುಂಬಿವೆಯೇ ಎಂದೂ ನೋಡಿ.

ನಿಂತಾಗ ಸರಿಯಿದ್ದು, ಸಮತಟ್ಟು ಹೆದ್ದಾರಿಯಲ್ಲಿ ವೇಗ ಹಿಡಿದಾಗ ಕಾದರೆ ನೀರಿನ ಹರಿವು ಸಾಲದು. ರೇಡಿಯೇಟರಿನ ನಳಿಗೆಗಳು ಕಟ್ಟಿರಬಹುದು. ಕೆಳಗಿನ ಹೋಸ್ ಪೈಪನ್ನೂ ನೋಡಿ. ಹಳೆಯದಾಗಿ ಮೆತ್ತಗಾಗಿದ್ದರೆ, ಎಂಜಿನ್ ಜೋರಾಗಿ ತಿರುಗುವಾಗ ಪಂಪ್ ಎಳೆಯುವ ರಭಸಕ್ಕೆ ಅದು ಚಪ್ಪಟೆಯಾಗಿಬಿಡುತ್ತದೆ. ನಿಲ್ಲಿಸಿ ನೋಡಿದಾಗ ಮತ್ತೆ ದುಂಡಗಾಗಿರುತ್ತದೆ, ಕಳ್ಳ ಸಿಗುವುದಿಲ್ಲ. ಒಬ್ಬರು ಆಕ್ಸಿಲರೇಟರ್ ಒತ್ತುವಾಗ ಇನ್ನೊಬ್ಬರು ಫ್ಯಾನಿನಿಂದ ದೂರ ನಿಂತು ನೋಡಬೇಕು.

ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಕಾದರೆ ಥರ್ಮೋಸ್ಟಾಟ್ ಮುಚ್ಚಿಯೇ ಕೂತಿರಬಹುದು, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಥರ್ಮೋಸ್ಟಾಟನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಒಂದು ಹಳೇ ಪಾತ್ರೆಯಲ್ಲಿ ನೀರು ಕಾಯಿಸಿ, ಅದನ್ನು ದಾರಕ್ಕೆ ಕಟ್ಟಿ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯೊಳಗೆ ಬಾಯಿ ಬಿಡತೊಡಗಬೇಕು. ನೀರು ಕುದಿದರೂ ಬಾಯಿ ಬಿಡದಿದ್ದರೆ ಹೊಸದು ಹಾಕಿ. "ನಮ್ಮ ಸೆಕೆಗೆ ಅದು ಬೇಡ" ಎಂದು ಕಿತ್ತೇ ಎಸೆಯುವ ಗ್ಯಾರೇಜುಗಳಿವೆ. ಎಂಜಿನ್ ಸರಿಯಾದ ಬಿಸಿಗೆ ಬರುವುದೂ ಅಷ್ಟೇ ಮುಖ್ಯ, ಎಸೆಯಬೇಡಿ.

ಇನ್ನು ನಮ್ಮ ಪುಣೆಯ ಓದುಗರ ಹಾಗೆ ಏರಿನಲ್ಲಿ ಮಾತ್ರ ಕಾದರೆ, ಎಂಜಿನ್ ಮೇಲೆ ಭಾರ ಬಿದ್ದಾಗ ಏನೋ ಸೋಲುತ್ತಿದೆ ಎಂದರ್ಥ. ನಾಲ್ಕು ಚಕ್ರಗಳನ್ನೂ ಎತ್ತಿ ತಿರುಗಿಸಿ ನೋಡಿ, ಇದಕ್ಕೆ ಖರ್ಚಿಲ್ಲ. ಪಾಯಿಂಟ್ಸ್ ಗ್ಯಾಪ್ ಮತ್ತು ಟೈಮಿಂಗ್ ನೋಡಿಸಿ. ಪಾಯಿಂಟ್ಸಿನ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಕಿಡಿ ತಡವಾಗಿ ಹಾರುತ್ತದೆ. ತಡವಾಗಿ ಹೊತ್ತಿದ ಪೆಟ್ರೋಲು ಪಿಸ್ಟನ್ ತಳ್ಳುವುದನ್ನು ಬಿಟ್ಟು ಎಂಜಿನ್ನಿನ ಗೋಡೆ ಕಾಯಿಸುತ್ತದೆ. ಆಮೇಲೆ ಕಾರ್ಬ್ಯುರೇಟರ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾವರೆಗೆ ಎಥನಾಲ್ ಇರುತ್ತದೆ. ಹೊಸ ಕಾರಿನ ಕಂಪ್ಯೂಟರ್ ಅದಕ್ಕೆ ಹೊಂದಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ. ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಎಂಜಿನ್ ಬಿಸಿಯಾಗಿ ಉರಿಯಬಹುದು. ಅದನ್ನು ಟ್ಯೂನ್ ಮಾಡಿಸಬೇಕು.

ಇವೆಲ್ಲಕ್ಕಿಂತ ಮೊದಲು ಇನ್ನೊಂದು ಮಾತು: ಗಾಡಿ ನಿಜವಾಗಿ ಕಾಯುತ್ತಿದೆಯೇ? ನಲವತ್ತು ವರ್ಷದ ಮೀಟರ್ ಸುಳ್ಳು ಹೇಳಬಹುದು. ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಥರ್ಮೋಸ್ಟಾಟ್ ಕೂತಿರುವ ಜಾಗದ ಬಿಸಿ ಅಳೆದು ಮುಳ್ಳಿನೊಂದಿಗೆ ತಾಳೆ ನೋಡಿ. ಮುಳ್ಳು ಸರಿಯಿದ್ದೂ ಬಿಸಿಲಲ್ಲಿ ಎಂಜಿನ್ ಕೆಮ್ಮಿ ನಿಂತರೆ ಅದು ಬೇರೆಯೇ ಕಾಯಿಲೆ. ಪೆಟ್ರೋಲು ಪಂಪಿನಲ್ಲೋ ಪೈಪಿನಲ್ಲೋ ಆವಿಯಾಗಿದೆ. ಹಳೇ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದದ್ದು ಇದಕ್ಕೇ.

ರೇಡಿಯೇಟರ್ ಕ್ಯಾಪನ್ನು ಬರೀ ಮುಚ್ಚಳ ಎಂದುಕೊಳ್ಳಬೇಡಿ. ಪುಣೆಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಅರ್ಧ ಬಾರ್ ಒತ್ತಡ ಹಿಡಿದರೆ ಕುದಿಬಿಂದು 110ರ ಆಸುಪಾಸಿಗೆ ಏರುತ್ತದೆ. ಕ್ಯಾಪಿನ ರಬ್ಬರ್ ಬಿರಿದರೆ ಆ ಹನ್ನೆರಡು ಡಿಗ್ರಿಯ ಆಸರೆ ಹೋಯಿತು. ಗಾಡಿಗೆ ಹೇಳಿದ ಒತ್ತಡದ್ದೇ ಕ್ಯಾಪ್ ತನ್ನಿ. ಅದಕ್ಕಿಂತ ಜಾಸ್ತಿಯದು ಹಾಕಿದರೆ ಹಳೇ ರೇಡಿಯೇಟರಿನ ಬೆಸುಗೆ ಬಿಡುತ್ತದೆ. ನೀರಿಗೆ ಬೋರ್‌ವೆಲ್ ಬೇಡ, ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಹಾಕಿ. ಹಿತ್ತಾಳೆ ರೇಡಿಯೇಟರಿಗೆ ಹೊಂದುವ ಕೂಲಂಟ್ ಎಂದು ಕೇಳಿಯೇ ಕೊಳ್ಳಿ.

ಈಗ ಹೆದರಿಕೆಯ ವಿಷಯ. ಪದ್ಮಿನಿಯ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯುಮಿನಿಯಮ್‌ದು. ಪದೇ ಪದೇ ಕುದಿಸಿದರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ನೋಡಿ. ನೀರಿನಲ್ಲಿ ಗುಳ್ಳೆಗಳು ಒಂದೇ ಸಮ ಏಳುತ್ತಿದ್ದರೆ, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ, ಬೆಚ್ಚಗಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದಿದ್ದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಆಗ ಮಾತ್ರ ಹೆಡ್ ಬಿಚ್ಚುವ ಮಾತು.

ದಾರಿಯಲ್ಲೇ ಕುದಿದರೆ? ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ, ಎಲ್ಲರನ್ನೂ ರಸ್ತೆಯಿಂದ ದೂರ ಕೂರಿಸಿ. ಕಡಿಮೆಯೆಂದರೆ ಅರ್ಧ ಗಂಟೆ ಕಾಯಿರಿ. ಬಿಸಿ ಕ್ಯಾಪ್ ತೆರೆದರೆ ಒತ್ತಡದ ನೀರು ಮುಖಕ್ಕೇ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಬ್ಲಾಕ್ ಬಿರಿಯಬಹುದು. ಪೂರ್ತಿ ಆರಿದ ಮೇಲೆ ದಪ್ಪ ಬಟ್ಟೆ ಹಿಡಿದು, ಮೆಲ್ಲಗೆ ಬಿಚ್ಚಿ, ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ.

ಪುಣೆಯ ಮಿತ್ರರೇ, ಹುಬ್ಬಳ್ಳಿ ನಿಮ್ಮಲ್ಲಿಂದ 400 ಕಿಲೋಮೀಟರಿಗೂ ಹೆಚ್ಚು. ದೀಪಾವಳಿಗೆ ಸಮಯವಿದೆ. ಗುಳ್ಳೆ, ಕ್ಯಾಪ್, ಚಕ್ರ, ಟೈಮಿಂಗ್, ಕಾರ್ಬ್ಯುರೇಟರ್, ಈ ಕ್ರಮದಲ್ಲಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಇವೆಲ್ಲ ಸರಿಯಿದ್ದೂ ಏರಿನಲ್ಲಿ ಕಾದರೆ ಆಗ ರೇಡಿಯೇಟರ್ ಬಿಚ್ಚಿಸಿ ತೊಳೆಸಿ. ಆಮೇಲೆ ಯಾವುದಾದರೂ ಭಾನುವಾರ ಬೆಳಿಗ್ಗೆ, ತಾಯಿಯನ್ನು ಮನೆಯಲ್ಲೇ ಬಿಟ್ಟು, ಖಂಬಾಟ್ಕಿ ಎರಡು ಸಲ ಹತ್ತಿ ಬನ್ನಿ. ಎರಡೂ ಸಲ ಮುಳ್ಳು ನಡುವೆಯೇ ನಿಂತರೆ ಧೈರ್ಯವಾಗಿ ಹೊರಡಿ.

ನಿಲ್ಲದಿದ್ದರೆ ಅಮ್ಮನನ್ನು ಈ ಸಲ ರೈಲಿನಲ್ಲಿ ಕರೆದೊಯ್ಯಿರಿ. ಎಂಬತ್ತು ದಾಟಿದವರನ್ನು ಘಾಟಿನ ಬಿಸಿಲಲ್ಲಿ ಕೂರಿಸುವುದು ಬೇಡ. ಗಾಡಿಯನ್ನು ಮಾತ್ರ ಗುಜರಿಗೆ ಕೊಡಬೇಡಿ. 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನಿಮ್ಮದಕ್ಕೆ ಅದು 2028ಕ್ಕೆ. ಅಲ್ಲಿಯವರೆಗೆ ಜ್ವರ ಯಾವಾಗ ಬರುತ್ತದೆಂದು ನೋಡುತ್ತಿರಿ. ಚಕ್ರ ಎತ್ತಿ ತಿರುಗಿಸಿದಾಗ ಏನಾಯಿತೆಂದು ನನಗೊಂದು ಸಾಲು ಬರೆಯಿರಿ.