ಕ್ರೇನಿನ ಹಿಡಿಕೆ ಯಾರ ಕೈಗೆ ಮಾಡಿದ್ದು?

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಬಸ್ಸಿನಲ್ಲಿ ಓಡಾಡುವವರಿಗೆ ಈ ನೋಟ ಹೊಸದಲ್ಲ. ರಸ್ತೆ ಪಕ್ಕ ಹಳದಿ ಜೆಸಿಬಿ ನಿಂತಿರ್ತದೆ. ಅದರ ತೋಳಿಗೆ ಸರಪಳಿ ಕಟ್ಟಿ ಸಿಮೆಂಟ್ ಪೈಪು ಎತ್ತುತ್ತಿರ್ತಾರೆ. ಕೆಳಗೆ ನಾಲ್ಕು ಮಂದಿ ಪೈಪಿಗೆ ಕೈಕೊಟ್ಟು ನಿಂತಿರ್ತಾರೆ. ನೋಡುವವರ ಕಣ್ಣೆಲ್ಲ ಸರಪಳಿ ಮೇಲೆ, ಹರಿದೀತೋ ಏನೋ ಅಂತ. ಒಳಗೆ ಕೂತವನ ಅಂಗೈಯಲ್ಲಿರುವ ಹಿಡಿಕೆಯನ್ನು ಯಾರೂ ನೋಡೋದಿಲ್ಲ.

ಅಗೆಯುವ ಯಂತ್ರಗಳ ಹಿಡಿಕೆ ಜೋಡಣೆಯಲ್ಲಿ ಮುಖ್ಯವಾಗಿ ಎರಡು ಪದ್ಧತಿ. ಒಂದರಲ್ಲಿ ದೊಡ್ಡ ತೋಳು ಎತ್ತಿ ಇಳಿಸೋದು ಬಲಗೈ ಕೆಲಸ, ಇನ್ನೊಂದರಲ್ಲಿ ಎಡಗೈ ಕೆಲಸ. ಒಂದಕ್ಕೆ ಪಳಗಿದ ಹುಡುಗನನ್ನು ಬಾಡಿಗೆಯ ಇನ್ನೊಂದರ ಮೇಲೆ ಕೂಡ್ರಿಸಿದರೆ, ಸಾವಕಾಶ ಇದ್ದಾಗ ಸರಿಯಾಗೇ ನಡೆಸ್ತಾನೆ. ಯಾರೋ ‘ಏ, ನಿಂದರ್ಸೋ!’ ಅಂತ ಚೀರಿದಾಗ ಮಾತ್ರ ಕೈ ಹಳೇ ರೂಢಿಗೇ ಓಡ್ತದೆ. ಆಮೇಲೆ ಕಾಗದದ ಮೇಲೆ ಬರೆಯೋದು ‘ಚಾಲಕನ ನಿರ್ಲಕ್ಷ್ಯ’.

ಗಣಿ ಕಟ್ಟಿದವರು ಈ ವಿಚಾರ ಎಂದೋ ಮಾಡಿದ್ದಾರೆ. ಲಿಂಗಸುಗೂರು ತಾಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ, 1947ರಲ್ಲಿ ಕಂಪನಿಯಾದದ್ದು. ಭೂಮಿಯೊಳಗಿಂದ ಆಳುಗಳ ಪಂಜರ ಎತ್ತುವ ಚಾಲಕನಿಗೆ ಆ ಪಂಜರ ಕಾಣೋದೇ ಇಲ್ಲ. ಗಂಟೆ ಕೇಳಿ, ಆಳ ತೋರಿಸುವ ಮುಳ್ಳು ನೋಡಿ ಹಿಡಿಕೆ ಆಡಿಸಬೇಕು. ಅದಕ್ಕೇ ಪಂಜರ ಗಡಿ ದಾಟಿ ಮೇಲೇರಿದರೆ ತಾನೇ ಬ್ರೇಕ್ ಬೀಳುವ ಏರ್ಪಾಡು ಇಡ್ತಾರೆ. ಮನುಷ್ಯನ ಕೈ ಅಂದಮೇಲೆ ತಪ್ಪೀತು ಅಂತ ಮೊದಲೇ ಲೆಕ್ಕ ಹಿಡಿದು ಕಟ್ಟಿದ ಯಂತ್ರ ಅದು.

ಇನ್ನು ವರ್ಕ್‌ಶಾಪುಗಳ ಕರೆಂಟಿನ ಹಾಯ್ಸ್ಟ್ ನೋಡಿ. ವೈರಿಗೆ ತೂಗುಬಿದ್ದ ಬಟನ್ ಡಬ್ಬಿಯಲ್ಲಿ ಮೇಲಿನ ಗುಂಡಿ ಒತ್ತಿದರೆ ಭಾರ ಮೇಲಕ್ಕೆ, ಕೆಳಗಿನದು ಒತ್ತಿದರೆ ಕೆಳಕ್ಕೆ. ಬೆರಳು ಬಿಟ್ಟರೆ ನಿಲ್ಲಬೇಕು. ಆಪತ್ತಿಗೆ ಅಂತ ಅಣಬೆಯಂಥ ಕೆಂಪು ಗುಂಡಿ ಬೇರೆ. ಇದೆಲ್ಲ ಸರಿಯೇ. ಆದರೆ ಗುಂಡಿಯ ಸ್ಪ್ರಿಂಗ್ ಬಿಗಿ ಇದ್ದರೆ ದಿನಕ್ಕೆ ನೂರಾರು ಸಲ ಒತ್ತಿ ಹೆಬ್ಬೆರಳಿನ ಬುಡ ನೋಯ್ತದೆ. ನೋವು ತಾಳದೆ ಗುಂಡಿಗೆ ಕಡ್ಡಿ ಸಿಗಿಸಿ ಟೇಪು ಸುತ್ತಿದರು ಅನ್ನಿ, ಬೆರಳು ಬಿಟ್ಟರೂ ಯಂತ್ರ ನಿಲ್ಲದು! ಕೈಗೆ ಒಗ್ಗದ ಗುಂಡಿಯೇ ರಕ್ಷಣೆಯನ್ನು ಕೆಡಿಸಿತು.

ಲಿವರಿನದೂ ಇದೇ ಪಾಡು. ಹಿಡಿ ಸುಮಾರು 30ರಿಂದ 40 ಮಿಲಿಮೀಟರ್ ದಪ್ಪ ಇದ್ದರೆ ಮುಷ್ಟಿಗೆ ಹೊಂದ್ತದೆ, ಮಣಿಕಟ್ಟು ಸೊಟ್ಟಗಾಗದೆ ಆಡಬೇಕು. ಮೇಲಿನ ಗುಂಡು ಮುರಿದ ಜಾಗಕ್ಕೆ ಒಂದು ನಟ್ಟು ವೆಲ್ಡಿಂಗ್ ಮಾಡಿಸಿ ‘ನಡೀತದೆ ಬಿಡ್ರಿ’ ಅಂದರೆ, ನಮ್ಮ ಮೇ ತಿಂಗಳ ಬಿಸಿಲಿಗೆ ಕಾದ ಆ ಕಬ್ಬಿಣವನ್ನು ಬೆವರಿದ ಕೈಯಲ್ಲಿ ಹಿಡಿಯುವವನು ಮಾಲೀಕನಲ್ಲವಲ್ಲ.

1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮಿನಲ್ಲಿ ಭಾರ ಎತ್ತುವ ಯಂತ್ರ, ಹಗ್ಗ, ಸರಪಳಿಗಳನ್ನು 12 ತಿಂಗಳಿಗೊಮ್ಮೆಯಾದರೂ ತಿಳಿದವರಿಂದ ಪರೀಕ್ಷೆ ಮಾಡಿಸಿ ಅಂತ ಬರೆದರು. ಹಿಡಿಕೆ ಕೈಗೆ ಒಗ್ಗುತ್ತದೋ ಇಲ್ಲವೋ ಎಂಬ ಮಾತು ಆ ಕಲಮಿನಲ್ಲಿ ಬರಲೇ ಇಲ್ಲ.

ನಾವೂ ಗಾಡಿ ಕರೆಸುವಾಗ ಗಂಟೆಗೆ ಎಷ್ಟು ಅಂತ ಚೌಕಾಸಿ ಮಾಡ್ತೀವಿ. ಹಿಡಿಕೆ ಯಾವ ಪದ್ಧತಿಯದು, ಬಂದ ಚಾಲಕ ಅದರ ಮೇಲೇ ಪಳಗಿದವನೋ ಅಂತ ಕೇಳೋದಿಲ್ಲ. ಸಿಂಧನೂರು ನಗರಸಭೆ, ಮಸ್ಕಿ, ಲಿಂಗಸುಗೂರು ಪುರಸಭೆಯವರು ಬಾಡಿಗೆ ಟೆಂಡರಿನಲ್ಲಿ ಆ ಒಂದು ಸಾಲು ಹಾಕಲಿ. ಪ್ರತಿ ಹಿಡಿಕೆ ಪಕ್ಕ ಬಾಣದ ಗುರುತು ಬರೆದು ಕನ್ನಡದಲ್ಲಿ ‘ಮೇಲೆ’, ‘ಕೆಳಗೆ’ ಅಂತ ಚೀಟಿ ಅಂಟಿಸಲಿ. ಅದಕ್ಕೆ ಮಂಜೂರಾತಿಯ ಫೈಲು ಬೆಂಗಳೂರಿಗೆ ಹೋಗಬೇಕಾಗಿಲ್ಲ.