ಹೊಗೆಕೊಳವೆಯ ಗುಮಾಸ್ತ

ಪರಸ್ಥಳದಲ್ಲಿ ಮೂವರು ಕನ್ನಡಿಗರು ಸೇರಿದರೆ ಸಂಘ. ನಾಲ್ಕನೆಯವರು ಬಂದರೆ ಚುನಾವಣೆ. ಐದನೆಯವರು ಕಾರಿನಲ್ಲಿ ಬಂದಿಳಿದರೋ, ಚುನಾವಣೆಯೂ ಮರೆತುಹೋಗಿ ಎಲ್ಲರೂ ಬಾನೆಟ್ಟಿನ ಸುತ್ತ ನಿಲ್ಲುತ್ತಾರೆ. ದೆಹಲಿಯ ನಮ್ಮ ಬಳಗವೂ ಇದಕ್ಕೆ ಹೊರತಲ್ಲ. ಭಾನುವಾರ ನಾಟಕದ ತಾಲೀಮಿಗೆಂದು ಬಂದವರಲ್ಲಿ ಅರ್ಧಮಂದಿ ಅಂಗಳ ದಾಟಿ ಒಳಗೆ ಬರುವುದೇ ಇಲ್ಲ. ನಮಗೆ ಸ್ವಂತ ಕಾರಿಲ್ಲ; ಆದ್ದರಿಂದ ಯಾವ ಪಕ್ಷವನ್ನೂ ಹಿಡಿಯದೆ ಕೇಳುವ ಸೌಕರ್ಯವುಂಟು.

ಈ ಸಲ ಚರ್ಚೆಗೆ ಬಂದ ವಸ್ತು ಹೆಬ್ಬೆರಳಿನಷ್ಟು ದೊಡ್ಡದು, ಹೆಸರು ಆಕ್ಸಿಜನ್ ಸೆನ್ಸರ್. ನಮ್ಮ ಹುಬ್ಬಳ್ಳಿಯವರ ಕಾರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡು ಹದಿನೈದು ದಿನವಾಗಿತ್ತು.

"ಮಿಸ್ತ್ರಿ ನೋಡಿ, ಸೆನ್ಸರ್ ಹೋಗೇತಿ, ಹೊಸಾದು ಹಾಕಸ್ರಿ ಅಂದ. ಹಾಕಿಸಿದೆ. ನಾಕ ದಿನಕ್ಕ ಮತ್ತ ದೀಪ ಹತ್ತಿತು ನೋಡ್ರಿ!"

"ಅದಕ್ಕೇ ಸ್ವಾಮಿ, ಊರಿನ ಶೆಡ್ಡಿನಲ್ಲಿರೋ ನಮ್ಮ ಪದ್ಮಿನಿಗೆ ಈ ರಗಳೆಯೇ ಇಲ್ಲ" ಎಂದರು ಮೈಸೂರಿನವರು. "ಸೈಲೆನ್ಸರ್ ಹತ್ತಿರ ಮೂಗು ಒಡ್ಡಿದರೆ ಸಾಕು, ಕಾರ್ಬುರೇಟರಿನ ತಿರುಪು ಎಷ್ಟು ತಿರುಗಿಸಬೇಕು ಅಂತ ಗೊತ್ತಾಗುತ್ತೆ. ನನ್ನ ಮೂಗೇ ಸೆನ್ಸರ್."

"ನಿಮ್ಮ ಮೂಗು 300 ಡಿಗ್ರಿ ಬಿಸಿಯಲ್ಲಿ ಕೂತು ಕೆಲಸ ಮಾಡ್ತದಾ ಮಾರಾಯ್ರೆ?" ಎಂದು ಮಂಗಳೂರಿನವರು ಕೇಳಿದರು.

"ನಶ್ಯ ಏರಿಸಿದ ಮೇಲೆ ಮಾಡುತ್ತೆ!"

ನಗು ಅಡಗಿದ ಮೇಲೆ ಮಂಗಳೂರಿನವರು ವಿವರಿಸಿದರು. ಅವರು ಎಂಜಿನಿಯರು. ಅವರು ಹೇಳಿದ್ದನ್ನು ನಾವು ನಮ್ಮ ಕಚೇರಿಯ ಭಾಷೆಗೆ ಇಳಿಸಿಕೊಂಡೆವು. ಒಂದು ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥನಾಲ್ ಬೆರೆತರೆ ಸ್ವಲ್ಪ ಕಡಿಮೆ ಸಾಕು. ಉರಿದ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿಯಿತೆಂದು ಹೊಗೆಕೊಳವೆಯಲ್ಲಿ ಕುಳಿತು ನೋಡುವವನೇ ಈ ಸೆನ್ಸರ್. ಮೈಯೆಲ್ಲ ಜಿರ್ಕೋನಿಯ ಎಂಬ ಪಿಂಗಾಣಿ, ಮೇಲೆ ಪ್ಲಾಟಿನಮ್ಮಿನ ತೆಳು ಲೇಪ. ಅದರ ಒಂದು ಮೈಗೆ ಹೊಗೆ, ಇನ್ನೊಂದು ಮೈಗೆ ಹೊರಗಿನ ಗಾಳಿ. ಎರಡರ ಆಮ್ಲಜನಕದ ವ್ಯತ್ಯಾಸದಿಂದ ವಿದ್ಯುತ್ತು ಹುಟ್ಟುತ್ತದೆ. ಪೆಟ್ರೋಲು ಹೆಚ್ಚಾಯಿತೋ, ಸುಮಾರು 0.9 ವೋಲ್ಟು, ಗಾಳಿ ಹೆಚ್ಚಾಯಿತೋ, ಸುಮಾರು 0.1 ವೋಲ್ಟು. ಇದೇ ಅವನ ಟಿಪ್ಪಣಿ. ಮೇಲಧಿಕಾರಿಯಾದ ಕಂಪ್ಯೂಟರ್ ಅದನ್ನು ನೋಡಿ ಪೆಟ್ರೋಲನ್ನು ಏರಿಸುತ್ತಾನೆ, ಇಳಿಸುತ್ತಾನೆ. ಮರುಕ್ಷಣವೇ ಇನ್ನೊಂದು ಟಿಪ್ಪಣಿ.

ಅಂದರೆ ಗುಮಾಸ್ತನೇ! ಜರ್ಮನಿಯ ಬಾಷ್ ಕಂಪನಿಯವರು ತಯಾರಿಸಿದ ಇವನು 1976ರಲ್ಲಿ ಸ್ವೀಡನ್ನಿನ ವೋಲ್ವೊ ಕಾರಿನಲ್ಲಿ ಮೊದಲು ಕೆಲಸಕ್ಕೆ ಸೇರಿದನಂತೆ. ಬೆಳಿಗ್ಗೆ ಮೈ ಕಾಯುವವರೆಗೆ ಇವನೂ ಏನನ್ನೂ ಬರೆಯಲಾರ. 1982ರಿಂದ ಇವನ ಒಳಗೇ ಒಂದು ಪುಟ್ಟ ಹೀಟರ್ ಇಡುವ ಪದ್ಧತಿ ಬಂತು. ನಮಗೆ ಚಹ ಕೊಡುವಂತೆಯೇ ಸರಿ.

"ಇಷ್ಟೆಲ್ಲ ಯಾಕೆ ಸಾರ್?" ಎಂದ ಈಚೆಗೆ ಕೆಲಸಕ್ಕೆ ಸೇರಿದ ಹುಡುಗನೊಬ್ಬ. "ದೀಪದ ಮೇಲೆ ಕರಿ ಪಟ್ಟಿ ಅಂಟಿಸಿಬಿಡಿ. ಕಾರು ಓಡುತ್ತಿದೆ ತಾನೆ?"

ಹುಬ್ಬಳ್ಳಿಯವರಿಗೆ ಈ ಸಲಹೆ ಹಿಡಿಸಿತೆಂದು ಕಾಣುತ್ತದೆ. ಒಂದು ಸೆನ್ಸರಿನ ಹಣ ಆಗಲೇ ಹೋಗಿತ್ತಲ್ಲ! ಅಷ್ಟರಲ್ಲಿ ಅವಲಕ್ಕಿಯ ತಟ್ಟೆ ಹಿಡಿದು ಬಂದ ಅವರ ಮನೆಯವರು ಅಲ್ಲಿಯೇ ನಿಂತರು.

"ಅಲ್ರೀ, ಚಳಿಗಾಲ ಬಂತಂದ್ರ ನಮ್ಮ ಹುಡುಗಿ ರಾತ್ರಿಯೆಲ್ಲಾ ಕೆಮ್ಮತಾಳ. ದೀಪಕ್ಕ ಪಟ್ಟಿ ಹಚ್ಚಿದ್ರ ಹೊಗಿ ಕಡಿಮಿ ಆಗ್ತದೇನು?"

ಯಾರೂ ನಗಲಿಲ್ಲ. ದೆಹಲಿಯ ಕಾರ್ತಿಕದ ಗಾಳಿಯನ್ನು ಕುಡಿದವರಿಗೆ ಇದು ನಗುವ ಮಾತಲ್ಲ.

ಮಂಗಳೂರಿನವರು ಮೆಲ್ಲಗೆ ಹೇಳಿದರು: ಸೆನ್ಸರಿನ ಮುಂದೆ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಪೆಟ್ಟಿಗೆಯುಂಟು. ಇಂಗಾಲದ ಮಾನಾಕ್ಸೈಡು, ಉರಿಯದ ಪೆಟ್ರೋಲು, ಸಾರಜನಕದ ಆಕ್ಸೈಡುಗಳು, ಈ ಮೂರು ವಿಷಗಳನ್ನೂ ಅದು ಒಟ್ಟಿಗೆ ಕಳೆಯಬೇಕಾದರೆ ಗಾಳಿ ಪೆಟ್ರೋಲುಗಳ ಪ್ರಮಾಣ ಸರಿಯಾಗಿಯೇ ಇರಬೇಕು. ಪ್ರಮಾಣ ತಪ್ಪಿದರೆ ವಿಷ ಬೀದಿಗೆ ಬರುತ್ತದೆ. ಉರಿಯದ ಪೆಟ್ರೋಲು ಬಹಳ ಹರಿದರೆ ಪೆಟ್ಟಿಗೆ ಒಳಗೇ ಕಾದು ಕರಗಿಹೋಗಬಹುದು. ಅದರ ಬೆಲೆಯ ಮುಂದೆ ಸೆನ್ಸರಿನ ಬೆಲೆ ಏನೂ ಅಲ್ಲ. ದೆಹಲಿ ಸೇರಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಈ ಪೆಟ್ಟಿಗೆ ಕಡ್ಡಾಯವಾದದ್ದು 1995ರಲ್ಲಿ. ಪೆಟ್ಟಿಗೆಗೂ ಸೆನ್ಸರಿಗೂ ಸೀಸವೆಂದರೆ ಆಗದು; ಆ ಸೀಸದ ಪೆಟ್ರೋಲು ದೇಶದಲ್ಲೆಲ್ಲ ನಿಂತದ್ದು 2000ದ ಫೆಬ್ರವರಿಯಲ್ಲಿ.

"ಅಂದ ಹಾಗೆ, ಸ್ಕ್ಯಾನರಿನಲ್ಲಿ ಏನು ಬಂದಿತ್ತು?" ಎಂದು ಅವರು ಕೇಳಿದರು. ಹುಬ್ಬಳ್ಳಿಯವರು ಜೇಬಿನಿಂದ ಚೀಟಿ ತೆಗೆದರು. ಅದರಲ್ಲಿ 'ಗಾಳಿ ಹೆಚ್ಚು' ಎಂದಿತ್ತೇ ಹೊರತು 'ಸೆನ್ಸರ್ ಕೆಟ್ಟಿದೆ' ಎಂದಿರಲಿಲ್ಲ!

ತಣ್ಣಗಿದ್ದ ಎಂಜಿನನ್ನು ಚಾಲೂ ಮಾಡಿಸಿ ಎಲ್ಲರೂ ಕಿವಿಗೊಟ್ಟೆವು. ಕೊಳವೆಯ ಬುಡದಲ್ಲಿ ಟಿಕ್ ಟಿಕ್ ಎಂಬ ಸದ್ದು. ಸೆನ್ಸರಿಗಿಂತ ಹಿಂದಿನ ಜೋಡಣೆಯಲ್ಲಿ ಪ್ಯಾಕಿಂಗ್ ಸೀಳಿತ್ತು. ಅಲ್ಲಿಂದ ಹೊರಗಿನ ಗಾಳಿ ನುಗ್ಗುತ್ತಿತ್ತು. ಗುಮಾಸ್ತ ಕಂಡದ್ದನ್ನು ಕಂಡಂತೆ ಬರೆದ; ಮೇಲಧಿಕಾರಿ ಅದನ್ನು ನಂಬಿ ಇನ್ನಷ್ಟು ಪೆಟ್ರೋಲು ಸುರಿದ; ಮಿಸ್ತ್ರಿ ಗುಮಾಸ್ತನನ್ನೇ ಕಿತ್ತುಹಾಕಿದ. ಪ್ಯಾಕಿಂಗ್ ಬದಲಾದ ಮೇಲೆ ದೀಪ ಆರಿತು.

"ಹಾಗಾದರೆ ಹಳೆಯ ಸೆನ್ಸರ್ ನಿರಪರಾಧಿ" ಎಂದರು ಮೈಸೂರಿನವರು. "ಹಿಂಬಾಕಿ ಸಮೇತ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ!"

ಸೆನ್ಸರೇನೂ ಚಿರಂಜೀವಿಯಲ್ಲ, ಅವನಿಗೂ ಮುಪ್ಪುಂಟು, ನಿವೃತ್ತಿಯುಂಟು. ಆದರೆ ಅವನು ಬಲ್ಲದ್ದು ಆಮ್ಲಜನಕವೊಂದನ್ನೇ. ಪ್ಲಗ್ಗು ಕಿಡಿ ಹಾರಿಸದಿದ್ದರೂ ಬಳಸದ ಆಮ್ಲಜನಕ ಹೊರಬಿದ್ದು, ಅವನು 'ಗಾಳಿ ಹೆಚ್ಚು' ಎಂದೇ ಬರೆಯುತ್ತಾನೆ. ಕಾರಣ ಹುಡುಕುವುದು ನಮ್ಮ ಕೆಲಸ. ಆದ್ದರಿಂದ ಕಾರುಳ್ಳ ವಾಚಕರಲ್ಲಿ ನಮ್ಮ ವಿನಂತಿ: ಹಳದಿ ದೀಪ ಹತ್ತಿದರೆ ಸ್ಕ್ಯಾನರಿನ ಬರಹವನ್ನು ಪೂರ್ತಿ ಓದಿಸಿ, ಆಮೇಲೆ ಹಣ ಬಿಚ್ಚಿ. ದೀಪ ಮಿಣುಕುತ್ತಿದ್ದರಂತೂ ಕಾರನ್ನು ಮುಂದಕ್ಕೆ ಓಡಿಸಬೇಡಿ. ಆಗ ಕನ್ವರ್ಟರಿಗೇ ಅಪಾಯ. ಟಿಪ್ಪಣಿ ಓದದೆ ಗುಮಾಸ್ತನನ್ನು ವರ್ಗ ಮಾಡುವುದು ಯಾವ ಕಚೇರಿಗೂ ಶ್ರೇಯಸ್ಸಲ್ಲ.

ಇದನ್ನು ನಾವು ಸ್ವಜಾತಿಯ ಅಭಿಮಾನದಿಂದ ಹೇಳುತ್ತಿಲ್ಲ. ಅದೂ ತುಸು ಇದ್ದರೆ ಇರಲಿ.