ಖೋಲಿ ಹಿಡಿಯುವ ಮುನ್ನ ಕಾಗದ ಕೇಳಿರಿ!

ಕಾರ್ಮಿಕ ಬಂಧುಗಳೇ,

ಹೆಂಡಿರು ಮಕ್ಕಳನ್ನು ಊರಿನಿಂದ ಕರೆತಂದು ಮುಂಬಯಿಯಲ್ಲಿ ನೆಲೆಸಬೇಕೆನ್ನುವವರಿಗೆ ಗೇಟ್‌ವೇ ತೋರಿಸಿ "ಇದೇ ರಾಜಧಾನಿ" ಎನ್ನುವವರಿದ್ದಾರೆ. ಆ ಕಮಾನಿನಡಿ ಸಂಸಾರ ಹೂಡಲಾದೀತೇ? ಹೋಟೆಲಿನ ಮೇಜು ಒರೆಸಿ ಅದರ ಮೇಲೆಯೇ ಮಲಗಿದವರು ನಾವು. ನಗರವನ್ನು ನಾವು ಅರಿಯಬೇಕಾದುದು ಬಾಡಿಗೆಯ ಕರಾರಿನಿಂದ.

1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮು ಹೇಳುವುದಿಷ್ಟು: ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು, ಆ ಹೊಣೆ ಮಾಲೀಕನದು. ತಪ್ಪಿದರೆ ಅವನಿಗೆ ಶಿಕ್ಷೆಯುಂಟು. ಶರತ್ತುಗಳ ಬಗ್ಗೆ, ಬೇರೆ ರುಜುವಾತಾಗುವವರೆಗೆ, ಬಾಡಿಗೆದಾರನ ಮಾತೇ ನಿಲ್ಲುತ್ತದೆ.

ಆದರೂ "ನಾವು ಒಂದೇ ಊರಿನವರು, ಕಾಗದವೇಕೆ?" ಎಂಬ ದಲಾಲನ ಸಿಹಿಮಾತಿಗೆ ಮರುಳಾಗಿ ವರುಷಗಳ ಉಳಿತಾಯವನ್ನು ಡಿಪಾಜಿಟ್ಟಿಗೆ ಸುರಿಯುತ್ತೇವೆ! ಊರಿನ ನಂಟು ಊಟಕ್ಕೆ ಸಾಕು, ಬಾಡಿಗೆಗೆ ಸಾಲದು.

ರೈಲಿನ ದಾರಿ, ನೀರು ಬರುವ ಹೊತ್ತು, ಮಕ್ಕಳ ಶಾಲೆಯ ದೂರ ವಿಚಾರಿಸಿರಿ. ನೋಂದಣಿಯಾಗದೆ ಬಿಡಿಗಾಸೂ ಬಿಚ್ಚದಿರಿ!